ಹತ್ತು ಮಾರು ದೂರ

ಕೊಡಗಿನವನು ಎಂದು ಹೇಳಿಕೊಂಡರೆ ಹೊರಗಿನ ಗೆಳೆಯರು ಮೂರು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಕಾಫಿ ತೋಟ ಎಷ್ಟು ಎಕರೆ? ಮನೆಯಲ್ಲಿ ಕೋವಿ ಎಷ್ಟಿವೆ? ಪಂದಿಕರಿ ಊಟ ಯಾವತ್ತು? ಶಿರಂಗಾಲದವನಾದ ನಾನು ಮೂರಕ್ಕೂ ಅಡ್ಡಡ್ಡ ತಲೆಯಾಡಿಸಬೇಕು. ನಮ್ಮದು ಕೊಡಗಿನ ಹಿತ್ತಿಲ ಬಾಗಿಲು. ಕುಶಾಲನಗರದಿಂದ ಹೆಬ್ಬಾಲೆ, ತೊರೆನೂರು ದಾಟಿ ಬಂದರೆ ಜಿಲ್ಲೆ ಮುಗಿಯುವಲ್ಲಿ ನಮ್ಮೂರು. ಆಚೆಗೆ ಹಾಸನ ಜಿಲ್ಲೆಯ ಕೊಣನೂರು, ರಾಮನಾಥಪುರ. ಕಾವೇರಿ ಕೊಡಗನ್ನು ಬಿಟ್ಟು ಹೊರಡುವುದೂ ಇಲ್ಲಿಂದಲೇ. ಭಾಗಮಂಡಲದ ಮಳೆ ನಮಗಿಲ್ಲ, ಹಾಗಾಗಿ ಕಾಫಿಯ ಘಮವೂ ಇಲ್ಲ. ನಾವು ಬೆಳೆಯುವುದು ಭತ್ತ, ಮುಸುಕಿನ ಜೋಳ, ಹೊಗೆಸೊಪ್ಪು, ಶುಂಠಿ. ಇಷ್ಟು ವಿವರಿಸುವಷ್ಟರಲ್ಲಿ ಕೇಳಿದವರ ಮುಖ ಸಪ್ಪಗಾಗಿರುತ್ತದೆ. ‘ಹಾಗಾದ್ರೆ ನೀವು ನಿಜವಾದ ಕೊಡಗಿನವರಲ್ಲ ಬಿಡಿ’ ಎಂದು ತೀರ್ಪು ಕೊಟ್ಟು ಬೇರೆ ಮಾತಿಗೆ ಹೋಗುತ್ತಾರೆ.

ಇಂಥ ಕೋವಿಯಿಲ್ಲದ ಮನೆಗೆ ಕಳೆದ ಸುಗ್ಗಿಯ ರಜೆಯಲ್ಲಿ ಬಿಲ್ಲು ಬಂತು. ತಂದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುವ ಹುಡುಗ. ಬೆನ್ನಿನ ಚೀಲದಿಂದ ಮೂರು ತುಂಡು ತೆಗೆದು, ನಡುವಿನ ಮರದ ಹಿಡಿಗೆ ಮೇಲೊಂದು ಕೆಳಗೊಂದು ಪಟ್ಟಿ ತಿರುಪಿ, ಹೆದೆ ಏರಿಸಿ ಜಗಲಿಯ ಮೇಲೆ ನಿಲ್ಲಿಸಿದ. ಎರಡೂ ತುದಿಗಳು ಎಳೆಯುವವನಿಗೆ ಬೆನ್ನು ತಿರುಗಿಸಿ ಆಚೆಗೆ ಬಾಗಿದ್ದವು. ‘ಇದು ರಿಕರ್ವ್ ಮಾವ. ಲಾಂಗ್‌ಬೋ ಅಂದ್ರೆ ಆಳುದ್ದ, ತುದಿ ನೆಟ್ಟಗೆ ಇರ್ತದೆ. ಇನ್ನೊಂದು ಇದೆ, ಚಕ್ರ, ತಂತಿ, ದುರ್ಬೀನು ಎಲ್ಲ ಇರೋದು. ಅದು ಬಿಲ್ಲಲ್ಲ, ಮಿಷನ್ನು’ ಎಂದ. ಅವನ ಬಿಲ್ಲಿನ ಬಲ 35 ಪೌಂಡು. ಹೆದೆಯನ್ನು ಗಲ್ಲದವರೆಗೆ ಎಳೆದು ಹಿಡಿದಾಗ ಮೂರು ಬೆರಳ ಮೇಲೆ ಸುಮಾರು 16 ಕೆ.ಜಿ. ಭಾರ ಬೀಳುತ್ತದೆ. ನಾನೂ ಒಮ್ಮೆ ಎಳೆದೆ. ಗೊಬ್ಬರದ ಮೂಟೆ ಹೊತ್ತು ಪಳಗಿದ ಹೆಗಲು ಅದನ್ನು ತಡೆದುಕೊಂಡಿತು. ಆದರೆ ಬಿಟ್ಟ ಹೆದೆ ಎಡಗೈಯ ಒಳಭಾಗವನ್ನು ಬಾರಿಸಿದ ಏಟಿಗೆ ಎರಡು ದಿನ ಬಾಸುಂಡೆ ಇತ್ತು. ಮಹಾಭಾರತದ ವೀರರೆಲ್ಲ ತೋಳಿಗೆ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದುದು ಅಲಂಕಾರಕ್ಕಲ್ಲ ಎಂದು ಆಗ ತಿಳಿಯಿತು.

ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ‘ಜೋಳಕ್ಕೆ ಬರೋ ಹಂದಿಗೆ ಇದು ಆಗ್ತದಾ?’

ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧವೆಂದರೆ ಏನೇನು ಎಂದು ಪಟ್ಟಿ ಕೊಡುವಾಗ ಬಂದೂಕು, ಸ್ಫೋಟಕ, ಬಲೆ, ಉರುಳು, ವಿಷಗಳ ಜೊತೆಗೆ ಬಿಲ್ಲುಬಾಣವನ್ನೂ ಮರೆಯದೆ ಸೇರಿಸಿದೆ. ಮೊದಮೊದಲು ಆ ಕಾಯ್ದೆಯಲ್ಲೇ ಬೇಟೆಗೆ ಲೈಸೆನ್ಸ್ ಕೊಡುವ ಕಲಮುಗಳಿದ್ದವು. 1991ರ ತಿದ್ದುಪಡಿ ಅವನ್ನೂ ಕಿತ್ತುಹಾಕಿತು. ಹಾಗಾಗಿ ಅಮೆರಿಕದಲ್ಲಿ ಜನ ಬಿಲ್ಲು ಹಿಡಿದು ಜಿಂಕೆಯ ಬೇಟೆಗೆ ಹೋಗುವ ಚಿತ್ರಗಳನ್ನು ನನ್ನ ಅಳಿಯ ಫೋನಿನಲ್ಲಿ ನೋಡಬಹುದು, ನಮ್ಮ ಹೊಲದಲ್ಲಿ ಮಾತ್ರ ಅವನಿಗೆ ಸಿಕ್ಕ ಮೃಗ ಒಣಹುಲ್ಲಿನ ಪೆಂಡಿ. ಇದರಲ್ಲಿ ನನಗೆ ದುಃಖವೇನಿಲ್ಲ. ಕೊಲ್ಲುವ ಹಂಗು ಕಳಚಿದ ಮೇಲೆ ಬಿಲ್ಲಿನ ವಿಚಾರವನ್ನು ಸಮಾಧಾನವಾಗಿ ಯೋಚಿಸಬಹುದು.

ಕೊಡಗಿನ ಮಟ್ಟಿಗೆ ಬಿಲ್ಲು ಎಂದೋ ಕೋವಿಗೆ ಜಾಗ ಬಿಟ್ಟುಕೊಟ್ಟಿದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಆ ಸವಲತ್ತು ಬೇರೆ ಬೇರೆ ರೂಪದಲ್ಲಿ ಮುಂದುವರಿದು, 2019ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದನ್ನು 2029ರವರೆಗೆ ವಿಸ್ತರಿಸಿದೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಸಾಲಾಗಿ ನಿಲ್ಲುವುದು ಕೋವಿ, ಒಡಿಕತ್ತಿ, ಪೀಚೆಕತ್ತಿ. ಅವುಗಳ ಮೂತಿಗೆ ಸಿಕ್ಕಿಸುವುದು ಆ ಕಾಲಕ್ಕೇ ಅರಳುವ ತೋಕ್ ಪೂ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವೂ ಕೋವಿಯದೇ. ಬಿಲ್ಲು ಆ ಸಾಲಿನಲ್ಲಿಲ್ಲ. ಆದರೆ ಮಗು ಹುಟ್ಟಿದ ಗಳಿಗೆಯಲ್ಲಿ ಮಾತ್ರ ಅದಕ್ಕೆ ಮೊದಲ ಮರ್ಯಾದೆ ಇತ್ತು. 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ಕೊಡಗಿನ ಕೈಪಿಡಿಯಲ್ಲಿ ಪಾದ್ರಿ ಜಿ. ರಿಕ್ಟರ್ ಆ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಗಂಡುಮಗು ಹುಟ್ಟಿದೊಡನೆ ಹರಳು ಗಿಡದ ಕಡ್ಡಿಯನ್ನು ಬಾಗಿಸಿ ಪುಟ್ಟ ಬಿಲ್ಲು ಮಾಡಿ, ಅದೇ ಗಿಡದ ಎಲೆತೊಟ್ಟಿನ ಬಾಣ ಜೋಡಿಸಿ ಮಗುವಿನ ಕೈಗೆ ಮುಟ್ಟಿಸುತ್ತಿದ್ದರು. ಅದೇ ಹೊತ್ತಿಗೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಿದ್ದರು. ಮುಷ್ಟಿ ಬಿಚ್ಚಲು ಬಾರದ ಕೈಗೆ ಬಿಲ್ಲು, ಕಿವಿಗೆ ಕೋವಿಯ ಸದ್ದು. ಅತ್ತ ಮಲೆನಾಡಿನ ಬೇಟೆಗಳಲ್ಲೂ ಹಳು ನುಗ್ಗಿ ಮೃಗವನ್ನು ಎಬ್ಬಿಸುವವರು ಒಂದು ಕಡೆಯಾದರೆ, ಕೋವಿಯವರು ಕಾದು ನಿಲ್ಲುವ ಆಯಕಟ್ಟಿನ ಜಾಗಕ್ಕೆ ಬಿಲ್ಲು ಎಂದೇ ಹೆಸರು. ಆಯುಧ ಹೋದರೂ ನಿಂತ ಜಾಗ ಉಳಿದುಕೊಂಡಿತು.

ಕೋವಿ ಬಂದಮೇಲೆ ಕಳೆದದ್ದೇನು ಎಂದು ಅಳಿಯನ ಬಾಣಗಳನ್ನು ತಿಪ್ಪೆಯಿಂದ ಹೆಕ್ಕಿ ಕೊಡುತ್ತಾ ಲೆಕ್ಕ ಹಾಕಿದೆ. ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ಸದ್ದು ಓಡುವುದು 340 ಮೀಟರ್. ಅಂದರೆ ಹೆದೆಯ ಟಂಕಾರ ಯಾವಾಗಲೂ ಬಾಣಕ್ಕಿಂತ ಮುಂದೆ ಹೋಗಿ ಮೃಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಹತ್ತು ಮಾರು ದೂರದಲ್ಲಿ ನಿಂತ ಜಿಂಕೆಗೆ ಸದ್ದು ತಲುಪಿ ಬಾಣ ತಲುಪುವ ನಡುವೆ ಸಿಗುವುದು ಸೆಕೆಂಡಿನ ಮೂರನೇ ಒಂದು ಪಾಲು. ಬೆದರಿದ ಜಿಂಕೆ ಜಿಗಿಯುವ ಮುನ್ನ ಮೈ ಕುಗ್ಗಿಸಲು ಅಷ್ಟು ಸಾಕು. 40 ಮೀಟರ್ ದೂರದ್ದಾದರೆ ಎರಡರಷ್ಟು ಬಿಡುವು. ಇನ್ನು ನೆಲದ ಸೆಳೆತ. ಹತ್ತು ಮಾರಿಗೆ ಬಾಣ ತನ್ನ ನೇರದಿಂದ ಎರಡಡಿ ಕೆಳಗಿಳಿದರೆ, 40 ಮೀಟರಿಗೆ ಹತ್ತಡಿ ಇಳಿದಿರುತ್ತದೆ. ಅಷ್ಟನ್ನೂ ಕಣ್ಣಂದಾಜಿನಲ್ಲೇ ಎತ್ತಿ ಹಿಡಿಯಬೇಕು. ಬಾಣ ತಗುಲಿದರೂ ಗುಂಡಿನಂತೆ ಕೆಡಹುವುದಿಲ್ಲ. ರಕ್ತ ಸೋರಿ ಸಾಯಬೇಕು, ಬೇಟೆಗಾರ ಆ ಹನಿಗಳ ಜಾಡು ಹಿಡಿದು ನಡೆಯಬೇಕು. ಇದೆಲ್ಲ ಕೂಡಿಸಿದರೆ ಬರುವ ಉತ್ತರ ಒಂದೇ. ಬಿಲ್ಲು ಹಿಡಿದವನು ಹತ್ತಿರ ಹೋಗಬೇಕು. ಗಾಳಿ ಎತ್ತ ಬೀಸುತ್ತಿದೆ, ಒಣಗಿದ ಎಲೆ ಎಲ್ಲಿ ಬಿದ್ದಿದೆ, ಮೃಗ ಕಿವಿ ಎತ್ತ ತಿರುಗಿಸಿದೆ ಎಂದೆಲ್ಲ ನೋಡುತ್ತಾ ಹತ್ತು ಮಾರಿನವರೆಗೆ ಸರಿಯಬೇಕು. ಅಷ್ಟು ಹತ್ತಿರ ಹೋದವನಿಗೆ ಎದುರಿಗಿರುವುದು ಗಂಡೋ ಹೆಣ್ಣೋ, ಬಸಿರೋ ಬಾಣಂತಿಯೋ ತಿಳಿದಿರುತ್ತದೆ. ತಿಳಿಯದೆ ಹೊಡೆಯಲು ಬಿಲ್ಲು ಬಿಡುವುದಿಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಇಷ್ಟೇ.

ಕ್ಯಾಲಿಫೋರ್ನಿಯಾದಲ್ಲಿ ಈಶಿ ಎಂಬೊಬ್ಬನಿದ್ದ. ತನ್ನ ಯಾಹಿ ಬುಡಕಟ್ಟಿನ ಜನರೆಲ್ಲ ಅಳಿದ ಮೇಲೆ ಒಬ್ಬನೇ ಉಳಿದು 1911ರಲ್ಲಿ ಕಾಡಿನಿಂದ ಹೊರಬಂದವನು. ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯ ಅವನಿಂದ ಬಿಲ್ವಿದ್ಯೆ ಕಲಿತು 1923ರಲ್ಲಿ ಬರೆದ ಪುಸ್ತಕವೇ ಇಂದಿನ ಅಮೆರಿಕದ ಬಿಲ್ಲುಬೇಟೆಗೆ ಮೂಲ. ಪೋಪ್ ಒಂದು ತಮಾಷೆಯ ಸಂಗತಿ ಗಮನಿಸಿದ್ದಾನೆ. ದೂರದ ದೊಡ್ಡ ಗುರಿಹಲಗೆಗೆ ಹೊಡೆಯುವ ಪಂದ್ಯದಲ್ಲಿ ಈಶಿ ಪಟ್ಟಣದ ಹವ್ಯಾಸಿಗಳಿಗಿಂತ ಹಿಂದೆ. ಕಾಡಿನಲ್ಲಿ ಹತ್ತಿರದ ಸಣ್ಣ ಗುರಿಗಳಲ್ಲಿ ಅವನೇ ಮುಂದೆ. ಮೊಲವನ್ನು ಬೆನ್ನಟ್ಟುತ್ತಿರಲಿಲ್ಲ, ಮರೆಯಲ್ಲಿ ಕೂತು ತುಟಿಯಲ್ಲಿ ಮರಿಮೊಲದ ಚೀರಾಟದಂಥ ಸದ್ದು ಹೊರಡಿಸಿ ಮೊಲವೇ ಬಳಿಗೆ ಬರುವಂತೆ ಮಾಡುತ್ತಿದ್ದ.

ಲಾಂಗ್‌ಬೋ ಎಂದರೆ ಇಂಗ್ಲಿಷರದ್ದು ಎಂಬ ಭಾವನೆ ಅಳಿಯನದು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಇಂಗ್ಲಿಷರ ಮೇರಿ ರೋಸ್ ಹಡಗಿನ ಹೊಟ್ಟೆಯಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲುಗಳ ಕಥೆಯನ್ನು ಅವನೇ ಹೇಳಿದ. ಅವುಗಳಲ್ಲಿ ಬಹುತೇಕ ಬಿಲ್ಲುಗಳ ಬಲ 100 ಪೌಂಡಿನ ಮೇಲಂತೆ. ನಾನು ಬಿಡಲಿಲ್ಲ. ಅಲೆಕ್ಸಾಂಡರನ ದಂಡಯಾತ್ರೆಯ ನೆನಪುಗಳನ್ನು ಆಧರಿಸಿ ಗ್ರೀಕ್ ಇತಿಹಾಸಕಾರ ಅರಿಯನ್ ಬರೆದಿರುವಂತೆ, ಭಾರತದ ಕಾಲಾಳಿನ ಬಿಲ್ಲು ಅದನ್ನು ಹಿಡಿದವನಷ್ಟೇ ಉದ್ದ. ಕೆಳತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹಿಡಿದು ಎಳೆಯುತ್ತಿದ್ದರು. ಕ್ರಿ.ಪೂ. 326ರಲ್ಲಿ ಪೌರವ ರಾಜ (ಪೋರಸ್) ಝೇಲಂ ದಡದಲ್ಲಿ ಅಲೆಕ್ಸಾಂಡರನಿಗೆ ಸೋತಾಗ ಮಳೆಯಿಂದ ನೆಲ ಕೆಸರಾಗಿ ಬಿಲ್ಲು ಊರಲು ಆಗಲಿಲ್ಲವೆಂದು ಇನ್ನೊಬ್ಬ ಇತಿಹಾಸಕಾರ ಕರ್ಟಿಯಸ್ ಬರೆದಿದ್ದಾನೆ. ನಾಟಿಯ ಗದ್ದೆಯಲ್ಲಿ ಕಾಲೂರಿ ನಿಂತವರಿಗೆ ಈ ಕಾರಣ ಚೆನ್ನಾಗಿ ಅರ್ಥವಾಗುತ್ತದೆ. ಮಳೆ ಇನ್ನೊಂದು ವಿಷಯವನ್ನೂ ತೀರ್ಮಾನಿಸಿತು. ಕೊಂಬು, ಸ್ನಾಯು, ಮರಗಳನ್ನು ಅಂಟಿನಿಂದ ಬೆಸೆದ ಮಧ್ಯ ಏಷ್ಯಾದ ಗಿಡ್ಡ ಬಿಲ್ಲು ಕುದುರೆಯ ಮೇಲೆ ಕೂತವನಿಗೆ ಅನುಕೂಲ; ಆದರೆ ತೇವ ತಾಗಿದರೆ ಅಂಟು ಮೆತ್ತಗಾಗುತ್ತದೆ. ಪಶ್ಚಿಮ ಘಟ್ಟದ ಮಳೆಗಾಲಕ್ಕೆ ಬಿದಿರೇ ಸರಿ. ವಯನಾಡಿನ ಕುರಿಚ್ಯರು 1802ರಲ್ಲಿ ತಲಕ್ಕಲ್ ಚಂದು ಎಂಬವನ ಮುಂದಾಳತ್ವದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪನಮರಂ ಠಾಣ್ಯದ ಮೇಲೆ ಬಿದ್ದದ್ದು ಬಿಲ್ಲು ಹಿಡಿದೇ. ಅವರು ಯಾರ ಪರ ಕಾದಾಡಿದರೋ ಆ ಪಳಶ್ಶಿರಾಜ 1805ರಲ್ಲಿ ಮಡಿದ ಮೇಲೂ 1812ರಲ್ಲಿ ಅವರು ಮತ್ತೆ ಎದ್ದರು. ಮಳೆಯಲ್ಲಿ ಮದ್ದು ನೆನೆದ ಬಂದೂಕಿಗಿಂತ ಬಿದಿರಿನ ಬಿಲ್ಲು ನಂಬಿಕೆಗೆ ಅರ್ಹ ಎಂದು ಬಲ್ಲ ಜನ.

ನಮ್ಮ ಜಿಲ್ಲೆಯ ಕಾಡಿನ ಮಕ್ಕಳಲ್ಲಿ ಬೇಟೆಯ ನೆನಪು ಈಗ ಹೆಚ್ಚಾಗಿ ಹಬ್ಬದಲ್ಲಿ ಉಳಿದಿದೆ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಯರವರು ವೇಷ ಹಾಕಿ, ಡಬ್ಬಿ ಬಡಿಯುತ್ತಾ ದೇವರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಅಯ್ಯಪ್ಪ ಇವರನ್ನು ಬೇಟೆಗೆಂದು ಕಾಡಿಗೆ ಕರೆದೊಯ್ದ. ಅಲ್ಲಿ ಭದ್ರಕಾಳಿ ಕಣ್ಣಿಗೆ ಬಿದ್ದದ್ದೇ ತಡ, ಇವರನ್ನು ನಡುಗಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋದ. ಆ ಸಿಟ್ಟಿಗೆ ವರ್ಷಕ್ಕೊಮ್ಮೆ ಬೈಗುಳದ ಕಾಣಿಕೆ. ಅದೇ ಅಯ್ಯಪ್ಪನಿಗೆ ಕೊಡಗಿನ ದೇವರಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ. ಬೇಟೆಯ ದೇವರಿಗೆ ಬೇಟೆನಾಯಿ ಬೇಡವೇ? ಮನುಷ್ಯನನ್ನು ಬಿಟ್ಟು ಹೋದವನು ನಾಯಿಯನ್ನಾದರೂ ಜೊತೆಗಿಟ್ಟುಕೊಳ್ಳಲಿ ಎಂಬ ಉಪಾಯವೂ ಇರಬಹುದು.

ದಕ್ಷಿಣ ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನ ತೆರವು ಕಾರ್ಯಾಚರಣೆಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿ ಕುಟುಂಬಗಳಿಗೆ ಆಮೇಲೆ ನಮ್ಮ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಕೊಟ್ಟರು. ಈಗ ಆ ಕಡೆಯ ಹಾಡಿಗಳಿಂದ ಶುಂಠಿ ಕೀಳುವ ಕೆಲಸಕ್ಕೆ ಜನ ಬರುತ್ತಾರೆ. ಅವರಲ್ಲೊಬ್ಬ ಹಿರಿಯರು ಮಧ್ಯಾಹ್ನದ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಅಳಿಯನ ಸಾಹಸ ನೋಡುತ್ತಾ ಕೂತಿದ್ದರು. ಕಾಡಿನವರು ಬಿಲ್ಲಿನ ಬಗ್ಗೆ ಏನಾದರೊಂದು ಗಹನವಾದ ಮಾತು ಆಡಿಯಾರು ಎಂದು ನಾನೂ ಅವನೂ ಕಿವಿ ನೆಟ್ಟಗೆ ಮಾಡಿಕೊಂಡು ಹತ್ತಿರ ಹೋದೆವು.

‘ಇದಕ್ಕೆ ಎಷ್ಟು ಕೊಟ್ಟೆ ಮಗಾ?’

‘ಹನ್ನೆರಡು ಸಾವಿರ ತಾತ.’

ಅವರು ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆದೆಯನ್ನು ಬೆರಳಲ್ಲಿ ಮೀಟಿದರು. ‘ಹನ್ನೆರಡು ಸಾವಿರಕ್ಕೆ ಒಂದೊಳ್ಳೆ ಹೋತ ಬತ್ತಿತ್ತಲ್ಲ! ಮಾಂಸಕ್ಕೋಸ್ಕರ ಇಷ್ಟೆಲ್ಲ ಪಾಡು ಯಾಕೆ?’ ಎಂದು ವಾಪಸು ಕೊಟ್ಟರು. ‘ನಮ್ಮಪ್ಪನ ಕಾಲದಲ್ಲಿ ಬಿದಿರಿಗೆ ದುಡ್ಡಿರಲಿಲ್ಲ, ಹೋತಕ್ಕೂ ದುಡ್ಡಿರಲಿಲ್ಲ, ಅದಕ್ಕೇ ಕಾಡಿಗೆ ಹೋಗ್ತಿದ್ರು’ ಎಂದು ಸೇರಿಸಿ, ಶುಂಠಿಯ ಪಾತಿಯ ಕಡೆ ಹೊರಟರು. ಬಿಲ್ಲಿನ ಅರ್ಥಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಹತ್ತಿರ ಹೋಗದೆ ಬಿಟ್ಟ ಬಾಣದ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಪುರಾಣಗಳೇ ಸಾಕ್ಷಿ. ಬೇಟೆಗೆ ಹೊರಟವರ ಬಾಣ ಅಲ್ಲಿ ತಗುಲಬೇಕಾದದ್ದಕ್ಕೆ ತಗುಲಿದ್ದೇ ಅಪರೂಪ. ದಶರಥ ಕತ್ತಲಲ್ಲಿ ಗುಳುಗುಳು ಸದ್ದು ಕೇಳಿ ಆನೆ ನೀರು ಕುಡಿಯುತ್ತಿದೆ ಎಂದುಕೊಂಡ. ಅಲ್ಲಿ ಕುರುಡ ತಂದೆತಾಯಿಗೆ ನೀರು ತುಂಬುತ್ತಿದ್ದ ಶ್ರವಣಕುಮಾರ. ಪಾಂಡು ಜಿಂಕೆಯ ಜೋಡಿಗೆ ಬಾಣ ಬಿಟ್ಟ. ಅದು ಜಿಂಕೆಯ ರೂಪದಲ್ಲಿದ್ದ ಋಷಿ. ಜರನೆಂಬ ಬೇಡ ಪೊದೆಯ ಸಂದಿನಲ್ಲಿ ಕಂಡದ್ದು ಜಿಂಕೆ ಎಂದು ಎಸೆದ. ಅದು ಕೃಷ್ಣನ ಪಾದ. ಈ ಮೂರು ಬಾಣ ಬಿಡದಿದ್ದರೆ ರಾಮಾಯಣಕ್ಕೂ ಮಹಾಭಾರತಕ್ಕೂ ಅರ್ಧ ಕಥೆಯೇ ಇರುತ್ತಿರಲಿಲ್ಲ. ಮೂವರೂ ಬಿಲ್ಲಿನಲ್ಲಿ ಕೊರತೆಯಿದ್ದವರಲ್ಲ. ದಶರಥನಿಗಂತೂ ಸದ್ದು ಕೇಳಿಯೇ ಹೊಡೆಯಬಲ್ಲೆನೆಂಬ ಹೆಮ್ಮೆ. ಶಬ್ದವೇಧಿ ದೊಡ್ಡ ವಿದ್ಯೆಯೇ ಇರಬಹುದು, ಆದರೆ ನೋಡದೆ ಹೊಡೆಯುವುದನ್ನು ಕಲಿಸುವ ವಿದ್ಯೆ. ಬಿಟ್ಟ ಬಾಣದ ದೋಷದಿಂದ ರಾಮನೂ ತಪ್ಪಿಸಿಕೊಳ್ಳಲಿಲ್ಲ. ರಾವಣನನ್ನು ಕೊಂದ ದೋಷ ಕಳೆಯಲೆಂದು ಅವನು ಲಿಂಗ ಸ್ಥಾಪಿಸಿದ ಎಂದು ನಮ್ಮ ಪಕ್ಕದ ರಾಮನಾಥಪುರದ ಸ್ಥಳಪುರಾಣ ಹೇಳುತ್ತದೆ. ಅದೇ ದೇವಸ್ಥಾನದ ಬಳಿ ಕಾವೇರಿಯ ಮಡುವಿನಲ್ಲಿ ಯಾರೂ ಹಿಡಿಯದ ಮೀನುಗಳಿವೆ. ಮಕ್ಕಳು ಪುರಿ ಎಸೆದರೆ ಮೆಟ್ಟಿಲವರೆಗೆ ಬರುತ್ತವೆ.

ಶಬ್ದವೇಧಿ ನಮಗೆ ಹಳೆಯ ಕಥೆಯಲ್ಲ. ಜೋಳ ತೆನೆ ಕಟ್ಟುವ ಕಾಲಕ್ಕೆ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಾವಲು ಕೂತವರಿಗೆ ಅದು ದಿನನಿತ್ಯದ ಪರೀಕ್ಷೆ. ಜೋಳದ ದಂಟು ಮುರಿಯುವ ಸದ್ದು ಕೇಳುತ್ತದೆ. ಹಂದಿಯೋ? ಆನೆಯೋ? ಪಕ್ಕದ ಹೊಲದವನು ಬಹಿರ್ದೆಸೆಗೆ ಎದ್ದು ಬಂದನೋ? ನಮ್ಮ ಕೈಯಲ್ಲಿರುವುದು ಟಾರ್ಚು, ತಗಡಿನ ಡಬ್ಬ, ಪಟಾಕಿ. ಹಾಗಾಗಿ ತಪ್ಪು ಅಂದಾಜಾದರೂ ಯಾರಿಗೂ ಗಾಯವಿಲ್ಲ. ಹೆಚ್ಚೆಂದರೆ ಪಕ್ಕದವನು ಬೈಯುತ್ತಾನೆ. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿಯನ್ನು ಕೊಡಗಿನ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಓದಿದಾಗಲೆಲ್ಲ ದಶರಥ ನೆನಪಾಗುತ್ತಾನೆ. ಕೋವಿಗೆ ಕೈ ಉದ್ದ. ನೂರು ಮಾರಿನಾಚೆಯ ಪೊದೆ ಅಲ್ಲಾಡಿದರೂ ಅದು ಮುಟ್ಟಬಲ್ಲದು. ಕಣ್ಣು ಅಷ್ಟು ದೂರ ಮುಟ್ಟಿರುವುದಿಲ್ಲ.

ಹಾಗೆಂದು ಬಿಲ್ಲನ್ನು ಮ್ಯೂಸಿಯಮ್ಮಿಗೆ ಕಳಿಸಬೇಕಾಗಿಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯ ಲಿಂಬಾರಾಮ್ ಚಿಕ್ಕಂದಿನಲ್ಲಿ ಬಿದಿರಿನ ಬಿಲ್ಲಿನಿಂದ ಗುಬ್ಬಿ, ಕೌಜುಗಗಳನ್ನು ಹೊಡೆಯುತ್ತಿದ್ದ ಆದಿವಾಸಿ ಹುಡುಗ. 1987ರಲ್ಲಿ ಕ್ರೀಡಾ ಪ್ರಾಧಿಕಾರದವರ ಕಣ್ಣಿಗೆ ಬಿದ್ದ. 1992ರಲ್ಲಿ ಬೀಜಿಂಗಿನಲ್ಲಿ 30 ಮೀಟರ್ ದೂರದಿಂದ 360ಕ್ಕೆ 358 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದ. ನಮ್ಮ ರಾಷ್ಟ್ರೀಯ ಬಿಲ್ಲುಗಾರಿಕೆಯಲ್ಲಿ ರಿಕರ್ವ್, ಕಾಂಪೌಂಡ್ ಅಲ್ಲದೆ ಇಂಡಿಯನ್ ರೌಂಡ್ ಎಂಬ ಇನ್ನೊಂದು ವಿಭಾಗವಿದೆ. ಬಿದಿರು, ಮರದ ಸಾದಾ ಬಿಲ್ಲಿನಲ್ಲಿ 30 ಮತ್ತು 50 ಮೀಟರಿಗೆ ಹೊಡೆಯುವ ಪಂದ್ಯ. ಹನ್ನೆರಡು ಸಾವಿರ ಇಲ್ಲದವರೂ ನಿಲ್ಲಬಹುದಾದ ಸಾಲು. ಹಾಕಿಗೆ ಇಷ್ಟೊಂದು ಆಟಗಾರರನ್ನು ಕೊಟ್ಟ ಕೊಡಗು ಈ ಸಾಲಿಗೂ ನಾಲ್ಕು ಹಾಡಿಯ ಮಕ್ಕಳನ್ನು ಕಳಿಸಿದರೆ, ಬೇಟೆಗೆ ಕರೆದೊಯ್ದು ಕೈಬಿಟ್ಟ ಅಯ್ಯಪ್ಪನ ಸಾಲ ಸ್ವಲ್ಪವಾದರೂ ತೀರೀತು.

ಬೇಟೆ ನಿಂತರೂ ಬೇಟೆಗಾರರ ಜಗಳ ಮಾತ್ರ ನಿಂತಿಲ್ಲ. ಅದರ ಮೂಲಪುರುಷರು ಶಿವ ಮತ್ತು ಅರ್ಜುನ. ಇಂದ್ರಕೀಲದಲ್ಲಿ ಒಂದೇ ಹಂದಿಗೆ ಇಬ್ಬರ ಬಾಣವೂ ತಗುಲಿ, ಹಂದಿ ಯಾರದ್ದೆಂದು ಹೊಡೆದಾಡಿದರು. ಪಾಶುಪತಾಸ್ತ್ರ ಸಿಕ್ಕಿದ್ದು ಆ ಪಾಲಿನ ಜಗಳದಿಂದಲೇ. ರಜೆಯ ಕೊನೆಯ ದಿನ ನಮ್ಮ ಹಿತ್ತಿಲಲ್ಲೂ ಅದೇ ನಡೆಯಿತು. ಅಷ್ಟು ಹೊತ್ತಿಗೆ ನನ್ನ ಮಗಳೂ ಬಿಲ್ಲು ಹಿಡಿಯಲು ಕಲಿತಿದ್ದಳು. ಪೆಂಡಿಯ ನಟ್ಟನಡುವೆ ಒಂದು ಬಾಣ ನೆಟ್ಟಿತ್ತು. ಎಲ್ಲ ಬಾಣಕ್ಕೂ ಒಂದೇ ಬಣ್ಣದ ಗರಿ.

‘ಅದು ನಂದು ಭಾವ.’

‘ನಿಂದು ತಿಪ್ಪೇಲಿದೆ, ಹೋಗಿ ನೋಡು.’

ನ್ಯಾಯ ನನ್ನ ಬಳಿ ಬಂತು. ನಾನು ಕಿರಾತಾರ್ಜುನೀಯದ ಕಥೆ ಶುರುಮಾಡುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ತೀರ್ಪು ಕೇಳಿಸಿತು: ‘ನಡುವಿನ ಬಾಣ ಯಾರದ್ದೋ, ತಿಪ್ಪೆಗೆ ಬಿದ್ದಿರೋದನ್ನೆಲ್ಲ ಅವರೇ ಹೆಕ್ಕಿ ತೊಳೆದಿಡಬೇಕು.’

‘ಅಯ್ಯೋ, ಅದು ನಿಂದೇ ಕಣೇ’ ಎಂದ ಅಳಿಯ, ತಡಮಾಡದೆ.

‘ಇಲ್ಲಪ್ಪ, ನಿಂದೇ. ನಾನೇ ಕಣ್ಣಾರೆ ನೋಡ್ದೆ’ ಎಂದಳು ಮಗಳು.